ಮಾರ್ವೆಯ ದಾರಿಯಲ್ಲಿ ಸೈಕಲ್ ಸವಾರಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಭಾವಮೈದುನನಿಗೆ ಸೈಕಲ್ಲಿನ ಹುಚ್ಚು. ಭಾನುವಾರ ಬಂತೆಂದರೆ ಲಂಡನ್ನಿನ ದಕ್ಷಿಣದಲ್ಲಿರುವ ಸೀಮೆಸುಣ್ಣದ ಗುಡ್ಡಗಳ ಕಡೆಗೆ ಹೊರಟುಬಿಡುತ್ತಾನೆ. ಸಂಜೆಗೆ ಅದರ ಚಿತ್ರಗಳು ನಮ್ಮ ಮೊಬೈಲಿಗೆ ಬರುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಬಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳೇ ಗಟ್ಟಿಯಾಗಿ ಆ ಗುಡ್ಡಗಳಾದವು. ಅಲ್ಲಿಯ ಬಾಕ್ಸ್ ಹಿಲ್ ಎಂಬ ಗುಡ್ಡವನ್ನು 2012ರ ಒಲಿಂಪಿಕ್ಸ್‌ನ ಪುರುಷರ ರಸ್ತೆ ಪಂದ್ಯದಲ್ಲಿ ಒಂಬತ್ತು ಸುತ್ತು ಹತ್ತಿಸಿದ್ದರು.

ಈ ಚಿತ್ರಗಳನ್ನು ನೋಡುತ್ತಿದ್ದ ನಮ್ಮ ಹನ್ನೊಂದು ವರ್ಷದ ಮಗಳು ಒಂದು ದಿನ, “ಅಪ್ಪಾ, ನಮ್ಮ ಮಲಾಡಿನಲ್ಲಿ ಹೀಗೆ ಹೋಗುವ ದಾರಿಯೇ ಇಲ್ಲವೇ?” ಎಂದು ಕೇಳಿದಳು. ನಾವು ಸರಕಾರಿ ಕಚೇರಿಯ ಗುಮಾಸ್ತರು. ಉತ್ತರ ತಿಳಿಯದಿದ್ದಾಗ “ನೋಡೋಣ” ಎಂದು ಬರೆದು ಕಡತವನ್ನು ಪಕ್ಕಕ್ಕಿಡುವುದು ನಮ್ಮ ಅಭ್ಯಾಸ. ಅಂದೂ ಹಾಗೆಯೇ ಅಂದೆವು. ಆದರೆ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮ ತಂದೆಯವರು ತಲೆಯೆತ್ತಿ, “ಇಲ್ಲದೆ ಏನು? ಮಾರ್ವೆ ರಸ್ತೆ ಉಂಟಲ್ಲ!” ಎಂದರು.

ಕುಂದಾಪುರದ ಕಡೆಯಿಂದ 1970ರ ದಶಕದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವರು ಅವರು. ರಜೆ ಸಿಕ್ಕ ದಿನ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಸೈಕಲ್ ಹಿಡಿದು ಕಡಲು ನೋಡಲು ಹೋಗುತ್ತಿದ್ದರಂತೆ. “ಊರಿನ ಕಡಲು ಅಲ್ಲಿ ಕಾಣಿಸುತ್ತಿತ್ತು” ಎಂದಷ್ಟೇ ಹೇಳಿ ಮತ್ತೆ ಪತ್ರಿಕೆಗೆ ಮರಳಿದರು. ತಾಯಿಯವರು ತೀರಿಕೊಂಡ ಮೇಲೆ ಅವರು ಅಷ್ಟು ಮಾತಾಡಿದ್ದೇ ಅಪರೂಪ.

ನಮ್ಮ ಮನೆಯವರು ಮಾತ್ರ ಒಪ್ಪಲಿಲ್ಲ. “ಮಗುವಿನ ಕೈಕಾಲು ಮುರಿದರೆ ನಿಮ್ಮ ಆಫೀಸಿನವರು ಕಟ್ಟಿಕೊಡುತ್ತಾರೆಯೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಮಲಾಡಿನ ರಸ್ತೆಗಳಲ್ಲಿ ನಡೆಯುವುದೇ ಕಷ್ಟವಾಗಿರುವಾಗ ಸೈಕಲ್ಲಿನ ಮಾತೇನು? ಆದರೆ ಅದೇ ತಿಂಗಳು ನಮ್ಮ ರಕ್ತ ಪರೀಕ್ಷಿಸಿದ ವೈದ್ಯರು ಸಕ್ಕರೆಯ ಅಂಶ ಗಡಿಯವರೆಗೆ ಬಂದಿದೆಯೆಂದೂ, ಕುರ್ಚಿ ಬಿಟ್ಟೇಳದಿದ್ದರೆ ಗಡಿ ದಾಟುವುದೆಂದೂ ಎಚ್ಚರಿಸಿದರು. ಹೀಗೆ ಮಗಳ ಅರ್ಜಿಗೆ ವೈದ್ಯರ ಶಿಫಾರಸು ಸೇರಿ, “ಬೆಳಗಿನ ಹೊತ್ತು ಮಾತ್ರ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು” ಎಂಬ ಷರತ್ತಿನ ಮೇಲೆ ಮಂಜೂರಾತಿ ದೊರೆಯಿತು.

ಮಲಾಡಿನಲ್ಲಿ ಸೀಮೆಸುಣ್ಣದ ಗುಡ್ಡಗಳಿಲ್ಲ, ನಿಜ. ಆದರೂ ಇಲ್ಲಿಯ ಕಲ್ಲಿಗೆ ಹೆಸರಿದೆ. ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯವನ್ನು ಕುರ್ಲಾದ ಬೂದು ಕಲ್ಲು ಮತ್ತು ಮಲಾಡಿನ ಹಳದಿ ಕಲ್ಲಿನಿಂದ ಕಟ್ಟಿದ್ದಾರೆ. ಇನ್ನು ಕಡಲ ಬದಿಯ ಓಣಿಗಳ ವಿಷಯಕ್ಕೆ ಬಂದರೆ, ನಾವು ಯಾರಿಗೂ ಸೋಲತಕ್ಕವರಲ್ಲ.

ಮೊದಲನೆಯ ದಾರಿ ಮಢ್‌ಗೆ ಹೋಗತಕ್ಕದ್ದು. ಮಲಾಡ್ ಸ್ಟೇಶನ್ನಿನ ಪಶ್ಚಿಮಕ್ಕೆ ಎಸ್.ವಿ. ರಸ್ತೆ ದಾಟಿ ಮಾರ್ವೆ ರಸ್ತೆ ಹಿಡಿಯಬೇಕು. ಓರ್ಲೆಮ್ ಇಗರ್ಜಿ, ಮೀಠ್ ಚೌಕಿ, ಮಾಲ್ವಣಿ, ಇಷ್ಟೂ ಗದ್ದಲದ ಊರುಗಳೇ. ಆದುದರಿಂದ ಬೆಳಕು ಹರಿಯುತ್ತಲೇ ಹೊರಡಬೇಕು. ಐದಾರು ಕಿಲೋಮೀಟರು ಕಳೆದು ಮಾರ್ವೆ ಸಮೀಪಿಸಿದಾಗ ಗಾಳಿಗೆ ಉಪ್ಪಿನ ವಾಸನೆ ಬರುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ನೌಕಾಪಡೆಯ ಹಮ್ಲಾ ನೆಲೆ. ಅಲ್ಲಿ ಛಾಯಾಚಿತ್ರ ತೆಗೆಯುವ ಚಪಲ ಬೇಡ. ಮುಂದೆ ಅಕ್ಸಾ. ಇಲ್ಲಿಯ ಕಡಲು ನೋಡಲು ಸೌಮ್ಯವಾದರೂ ಒಳಸೆಳೆತ ಬಲವಾದದ್ದು. ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ದಡದಲ್ಲಿ ಕುಳಿತು ನೀರು ಕುಡಿಯಿರಿ, ನೀರಿಗೆ ಇಳಿಯಬೇಡಿ.

ಅಕ್ಸಾ ದಾಟಿದ ಮೇಲೆ ತೆಂಗಿನ ಮರಗಳು, ಸಣ್ಣ ಏರುತಗ್ಗುಗಳು, ಬದಿಯಲ್ಲಿ ಶಿಲುಬೆಗಳು. ಎರಂಗಳ್‌ನಲ್ಲಿ ಕಡಲ ತಡಿಯಲ್ಲೇ 16ನೆಯ ಶತಮಾನದ ಸಂತ ಬೊನವೆಂಚರರ ಇಗರ್ಜಿ ನಿಂತಿದೆ. ಜನವರಿಯ ಎರಡನೆಯ ಭಾನುವಾರ ಇಲ್ಲಿ ಜಾತ್ರೆ; ಅಂದು ಸೈಕಲ್ ಬೇಡ, ಬಸ್ಸಿನಲ್ಲಿ ಹೋಗಿ. ಮುಂದೆ ಭಾಟಿ, ಆಮೇಲೆ ಮಢ್. ಬಿದಿರಿನ ಅಡ್ಡೆಗಳ ಮೇಲೆ ಬೊಂಬಿಲ್ ಮೀನು ಒಣಗುವುದನ್ನು ಕಂಡಾಗ ನಮ್ಮ ಕರಾವಳಿಯವರಿಗೆ ಮಲ್ಪೆ, ಗಂಗೊಳ್ಳಿಗಳ ನೆನಪಾಗದಿರದು. ಪೋರ್ಚುಗೀಸರು ಕಟ್ಟಿ 1739ರಲ್ಲಿ ಮರಾಠರಿಗೆ ಸೋತ ಮಢ್ ಕೋಟೆಯನ್ನು ಹೊರಗಿನಿಂದಲೇ ನೋಡಬೇಕು. ಹೋಗಲು ಸುಮಾರು 12 ಕಿಲೋಮೀಟರು, ಬರಲು ಅಷ್ಟೇ.

ಭಾಟಿಯ ಒಂದು ತಿರುವಿನಲ್ಲಿ ರಸ್ತೆಗೆ ಮರಳು ಹರಡಿತ್ತು. ಮಗಳು ಮುಂದಿನ ಬ್ರೇಕು ಒತ್ತಿದಳು. ಸೈಕಲ್ಲು ಜಾರಿ ಬಿದ್ದಳು. ಮೊಣಕಾಲಿನಿಂದ ರಕ್ತ ಸುರಿಯಿತು. ನಮ್ಮ ಕೈಕಾಲು ನಡುಗತೊಡಗಿತು. ಕಣ್ಣ ಮುಂದೆ ಬಂದದ್ದು ಷರತ್ತಿನ ಮಂಜೂರಾತಿ! ಎದುರು ಮನೆಯ ಕೋಳಿ ಅಜ್ಜಿಯೊಬ್ಬರು ಚೆಂಬಿನಲ್ಲಿ ನೀರು ತಂದು ಗಾಯ ತೊಳೆದು, ಅರಿಶಿನ ಒತ್ತಿ, “ಹಳೂ ಜಾ, ಬಾಳಾ” ಎಂದು ತಲೆ ಸವರಿದರು. ರಿಕ್ಷಾ ಕರೆಯಲು ಹೊರಟ ನಮ್ಮನ್ನು ಮಗಳು ತಡೆದಳು. “ಬೇಡ ಅಪ್ಪಾ, ಈಗ ರಿಕ್ಷಾದಲ್ಲಿ ಹೋದರೆ ಅಮ್ಮ ಇನ್ನು ಯಾವತ್ತೂ ಬಿಡುವುದಿಲ್ಲ.” ಹಾಗೆಂದು ಸೈಕಲ್ ಏರಿಯೇಬಿಟ್ಟಳು. ಹಿಂದಿನಿಂದ ಬರುತ್ತಿದ್ದ ನಾವು ಆ ದಿನ ಅವಳಿಗಿಂತ ಹೆಚ್ಚು ಹೆದರಿದ್ದೆವು.

ಮನೆಯಲ್ಲಿ ಸುಳ್ಳು ಹೇಳಲಿಲ್ಲ. ಬೈಗುಳ ತಿಂದೆವು. ಆಮೇಲೆ ಮನೆಯವರೇ, “ಮುಂದಿನ ಸಲ ನಾವೂ ಬರುತ್ತೇವೆ. ಎಂಥ ದಾರಿ ಅದು, ನೋಡಿಯೇ ಬಿಡೋಣ” ಎಂದರು.

ಬಿದ್ದು ಕಲಿತ ಪಾಠಗಳನ್ನು ಇಲ್ಲಿ ಹೇಳುವುದು ಲೇಸು. ಮರಳಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು; ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ತಗ್ಗಿದ್ದರೆ ಮೊಣಕಾಲು ನೋಯುವುದು. ಗೇರಿನ ಸೈಕಲ್ಲಾದರೆ ಏರು ಬರುವ ಮೊದಲೇ ಗೇರು ಇಳಿಸಬೇಕು. ಟಯರಿಗೆ ಎಷ್ಟು ಗಾಳಿ ಎಂಬುದು ಟಯರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಕಡಲ ಗಾಳಿಗೆ ಚೈನು ಬೇಗ ತುಕ್ಕು ಹಿಡಿಯುವುದರಿಂದ, ಮನೆಗೆ ಬಂದ ಕೂಡಲೇ ಒರೆಸಿ ಎಣ್ಣೆ ಬಿಡಬೇಕು. ಎಲ್ಲಕ್ಕೂ ಮುಖ್ಯವಾಗಿ, ನಮಗೆ ವಿಹಾರದ ಓಣಿ ಇನ್ನೊಬ್ಬರಿಗೆ ಮನೆಯ ಅಂಗಳ. ಬೆಲ್ಲು ಬಾರಿಸಿ ನಿಧಾನ ಹೋಗಬೇಕು.

ಎರಡನೆಯ ದಾರಿ ಇದಕ್ಕಿಂತಲೂ ಶಾಂತವಾದದ್ದು. ಮಾರ್ವೆಯ ದಕ್ಕೆಯಿಂದ ಸೈಕಲ್ ಸಮೇತ ದೋಣಿಯಲ್ಲಿ ಖಾಡಿ ದಾಟಿದರೆ ಕೆಲವೇ ನಿಮಿಷಗಳಲ್ಲಿ ಮನೋರಿ. ಅಲ್ಲಿಂದ ಗೊರಾಯಿ, ಉತ್ತನ್ ಮಾರ್ಗವಾಗಿ ಭಾಯಂದರ್‌ವರೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡದ ಹೊಂಬಣ್ಣದ ಗೋಪುರ ದೂರಕ್ಕೂ ಕಾಣುತ್ತದೆ. ಮಕ್ಕಳಿದ್ದರೆ ಗೊರಾಯಿಯವರೆಗೆ ಹೋಗಿ ಅದೇ ದೋಣಿಗೆ ಮರಳುವುದು ಉತ್ತಮ.

ಈ ಓಣಿಗಳು ಇಷ್ಟು ಕಾಲ ಶಾಂತವಾಗಿ ಉಳಿದದ್ದಕ್ಕೆ ಖಾಡಿಗಳೇ ಕಾರಣ. ವರ್ಸೋವಾದಿಂದ ಮಢ್‌ಗೆ ದೋಣಿಯಲ್ಲಿ ಕೆಲವು ನಿಮಿಷ. ರಸ್ತೆಯಲ್ಲಿ ಸುತ್ತಿ ಬಂದರೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಆ ಖಾಡಿಗೆ ಸೇತುವೆ ಹಾಕುವ, ಭಾಯಂದರ್‌ವರೆಗೆ ಕರಾವಳಿ ರಸ್ತೆ ಒಯ್ಯುವ ಯೋಜನೆಗಳನ್ನು ಮಹಾನಗರಪಾಲಿಕೆ ಕೈಗೆತ್ತಿಕೊಂಡಿದೆ. ಸೇತುವೆ ಬೇಡವೆನ್ನಲು ನಮಗೇನು ಹಕ್ಕು? ರಾತ್ರಿ ಹೊತ್ತು ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದ ಮಢ್‌ನವರನ್ನು ಕೇಳಿ ನೋಡಿ. ಆದರೆ ಸೇತುವೆಯ ಹಿಂದೆ ಕಾರುಗಳೂ ಬರುತ್ತವೆ. ಬರುವ ಮುನ್ನ ನಮ್ಮ ಮಕ್ಕಳು ಈ ದಾರಿಯನ್ನು ತಮ್ಮ ಕಾಲಿನಿಂದ ಒಮ್ಮೆ ಅಳೆದಿರಲಿ ಎಂಬುದಷ್ಟೇ ನಮ್ಮ ಆಸೆ.

ಮಾತು ಕೊಟ್ಟಂತೆ ಮುಂದಿನ ಭಾನುವಾರ ಮನೆಯವರೂ ತಂದೆಯವರೂ ಬಸ್ಸಿನಲ್ಲಿ ಮಾರ್ವೆಗೆ ಬಂದರು. ಎಲ್ಲರೂ ದೋಣಿಯಲ್ಲಿ ಮನೋರಿಗೆ ಹೋಗಿ ಮರದ ನೆರಳಲ್ಲಿ ಕುಳಿತು ಇಡ್ಲಿಯ ಡಬ್ಬಿ ಬಿಚ್ಚಿದೆವು. ತಂದೆಯವರು ಕೈ ತೊಳೆದು ಬಂದವರು ನಮ್ಮ ಸೈಕಲ್ಲಿನ ಹ್ಯಾಂಡಲ್ ಹಿಡಿದು ಸ್ವಲ್ಪ ಹೊತ್ತು ನಿಂತರು. ನಾವು ಬೇಡವೆನ್ನುವಷ್ಟರಲ್ಲಿ ಏರಿಯೂ ಆಗಿತ್ತು. ಎಪ್ಪತ್ತರ ಮುದುಕರು ಓಣಿಯ ಕೊನೆಯ ಶಿಲುಬೆಯವರೆಗೆ ಹೋಗಿ, ತಿರುಗಿಸಿ, ಬೆಲ್ಲು ಬಾರಿಸುತ್ತಾ ಬಂದರು. ಮೊಮ್ಮಗಳು ಕೈತಟ್ಟಿದಳು. ಮನೆಯವರು ಏನೂ ಹೇಳಲಿಲ್ಲ; ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೆರಡು ಇಡ್ಲಿ ಬಡಿಸಿದರು.

ಮರಳುವ ದೋಣಿಯಲ್ಲಿ ತಂದೆಯವರು ಮಾರ್ವೆಯ ಕಡೆ ಕೈ ತೋರಿಸಿ ಮೊಮ್ಮಗಳಿಗೆ ಹಳೆಯ ಮಲಾಡಿನ ಕತೆ ಹೇಳುತ್ತಿದ್ದರು. ದಡ ಬಂದರೂ ಅವರ ಕತೆ ಮುಗಿದಿರಲಿಲ್ಲ.