ಬೆಂಕಿ ನಂದಿಸುವ ನೀರು: ನಂಬಿಕೆಯೂ ವಸ್ತುಸ್ಥಿತಿಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ತೊಗರಿಯ ರಾಶಿ ಮುಗಿದು, ಜೋಳದ ಕಣಿಕೆ ಬಣವೆಗೇರಿ, ಕಬ್ಬು ಕಡಿದ ಹೊಲಗಳಲ್ಲಿ ರವದಿ ಒಣಗಿ ಬಿದ್ದಿರುವ ಕಾಲದಲ್ಲಿ, ಒಂದೇ ಒಂದು ಕಿಡಿ ವರ್ಷದ ದುಡಿಮೆಯನ್ನು ಭಸ್ಮ ಮಾಡಬಲ್ಲುದು. ಅಂಥ ಸಮಯದಲ್ಲಿ ಅಗ್ನಿಶಾಮಕ ಗಾಡಿ ಬಂದೊಡನೆ ಊರ ಜನ ಪೈಪು ಹಿಡಿಯಲು, ಬಾವಿ ತೋರಿಸಲು ಧಾವಿಸುವುದು ಸ್ತುತ್ಯವಾದ ಗುಣವೇ ಸರಿ. ಆದರೆ ಆ ಉಪಕರಣಗಳ ವಿಷಯದಲ್ಲಿ ಜನರ ಮನಸ್ಸಿನಲ್ಲಿ ನೆಲೆಸಿರುವ ಕೆಲವು ನಂಬಿಕೆಗಳು ಆ ಗುಣವನ್ನೇ ಅಪಾಯಕ್ಕೆ ಗುರಿಮಾಡುತ್ತವೆ.

ಇವುಗಳಲ್ಲಿ ಅತ್ಯಂತ ದೃಢವಾದದ್ದು, ಬಾವಿಯಲ್ಲಿ ನೀರಿದ್ದರಾಯಿತು, ಗಾಡಿಯ ಪಂಪು ಎಷ್ಟೇ ಆಳದಿಂದಲೂ ಅದನ್ನು ಮೇಲಕ್ಕೆಳೆಯುವುದು ಎಂಬುದು. ಬೋರ್‌ವೆಲ್ಲಿನ ಪಂಪು ನೂರಾರು ಅಡಿ ಕೆಳಗಿನಿಂದ ನೀರೆತ್ತುವುದನ್ನು ದಿನವೂ ಕಾಣುವ ರೈತನಿಗೆ ಹೀಗೆ ತೋರುವುದು ಸಹಜ. ಆದರೆ ಬೋರಿನ ಪಂಪು ನೀರಿನೊಳಗೇ ಮುಳುಗಿದ್ದು ಅದನ್ನು ಮೇಲಕ್ಕೆ ದೂಡುತ್ತದೆ. ಗಾಡಿಯ ಪಂಪಾದರೋ ದಂಡೆಯ ಮೇಲಿದ್ದು, ಹೀರುವ ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ. ಆ ತೆರವಿಗೆ ನೀರನ್ನು ಏರಿಸುವುದು ಬಾವಿಯ ನೀರಿನ ಮೇಲೆ ಒತ್ತುತ್ತಿರುವ ವಾಯುಮಂಡಲದ ಭಾರ. 17ನೆಯ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ತೋರಿಸಿಕೊಟ್ಟ ಈ ತತ್ತ್ವದಂತೆ, ಸಮುದ್ರಮಟ್ಟದಲ್ಲಿ ಆ ಭಾರವು ಎತ್ತಿಹಿಡಿಯಬಲ್ಲುದು ಸುಮಾರು 10.3 ಮೀಟರು ಎತ್ತರದ ನೀರನ್ನು ಮಾತ್ರ. ನಮ್ಮ ಪ್ರಸ್ಥಭೂಮಿಯಲ್ಲಿ ಅದು ಇನ್ನೂ ತುಸು ಕಡಿಮೆ. ಪೈಪಿನೊಳಗಿನ ಘರ್ಷಣೆಯನ್ನೂ ಕೀಲುಗಳ ಸಣ್ಣ ಸೋರಿಕೆಯನ್ನೂ ಕಳೆದರೆ ನೆಚ್ಚಬಹುದಾದದ್ದು 7 ಮೀಟರು, ಎಂದರೆ ಸುಮಾರು 23 ಅಡಿ. ಎಂಜಿನ್ನಿನ ವೇಗವನ್ನು ಎಷ್ಟು ಹೆಚ್ಚಿಸಿದರೂ ಈ ಮಿತಿ ಕದಲದು. ನೀರಿಲ್ಲದೆ ತಿರುಗಿದ ಪಂಪು ಕಾದು ಕೆಡುವುದೊಂದೇ ಫಲ.

ಆದುದರಿಂದ ಆಳಂದದ ಕಡೆಯ ಕಪ್ಪುಕಲ್ಲಿನಲ್ಲಿ ಕಡಿದ ಆಳವಾದ ಬಾವಿಗಿಂತ, ಹೊಲದ ಬದಿಯ ತುಂಬಿದ ಕೃಷಿಹೊಂಡವೇ ಹೆಚ್ಚು ಉಪಕಾರಿ. ಬೇಸಿಗೆಯಲ್ಲಿ ಭೀಮಾ ನದಿಯ ನೀರು ದಂಡೆಯಿಂದ ಬಹು ಕೆಳಗಿಳಿದಿರುವಾಗ, ಹೊಳೆ ಕಣ್ಣೆದುರಿಗಿದ್ದೂ ನೀರು ಪಂಪಿಗೆ ಎಟುಕದಿರಬಹುದು. ಆಗ ಹೊತ್ತೊಯ್ಯಬಹುದಾದ ಸಣ್ಣ ಪಂಪನ್ನು ನೀರಿನ ಬಳಿಗೇ ಇಳಿಸಬೇಕಾಗುತ್ತದೆ. ದೂರ ಕಡಿಮೆಯಾಗಲೆಂದು ಗಾಡಿಯನ್ನೇ ಬಾವಿಯ ಅಂಚಿಗೆ ತರಿಸುವುದು ಮಾತ್ರ ಎಂದಿಗೂ ಸಲ್ಲದು. 4500 ಲೀಟರು ಹಿಡಿಯುವ ತೊಟ್ಟಿಯಲ್ಲಿ ನೀರಿನ ತೂಕವೇ ನಾಲ್ಕೂವರೆ ಟನ್ನು. ಬಿರುಕುಬಿಟ್ಟ ಎರೆಮಣ್ಣಿನ ದಂಡೆ ಅದನ್ನು ತಾಳಲಾರದು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದರೆ ಕಾಲು ನಿಲ್ಲದು. ಪೈಪಿಳಿಸುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಅಲ್ಲಿಗೆ ಹೋಗಬಾರದು.

ಪೈಪಿನ ತುದಿಯನ್ನು ಯಾರು ಬೇಕಾದರೂ ಹಿಡಿಯಬಹುದೆಂಬುದು ಇನ್ನೊಂದು ನಂಬಿಕೆ. ಬ್ರ್ಯಾಂಚು ಎಂದು ಕರೆಯುವ ಆ ತುದಿಯ ಲೋಹದ ಮೂತಿಯ ಬಾಯಿ 20 ಮಿಲಿಮೀಟರಿದ್ದು, ಅದರಿಂದ 7 ಬಾರ್ ಒತ್ತಡದಲ್ಲಿ ನೀರು ಹೊಮ್ಮುವಾಗ, ಹಿಡಿದವನನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 45 ಕಿಲೋಗ್ರಾಮಿನ ಭಾರಕ್ಕೆ ಸಮ. ಕೈತಪ್ಪಿದ ಲೋಹದ ಬ್ರ್ಯಾಂಚು ಅಡ್ಡಾದಿಡ್ಡಿ ಹೊಡೆದಾಡಿ ಎಲುಬು ಮುರಿಯಬಲ್ಲುದು. ಅದಕ್ಕಾಗಿಯೇ ಸಿಬ್ಬಂದಿ ಒಬ್ಬರ ಹಿಂದೆ ಒಬ್ಬರು ನಿಲ್ಲುವರು, ಕವಾಟಗಳನ್ನು ನಿಧಾನವಾಗಿ ತೆರೆಯುವರು, ನಿಧಾನವಾಗಿಯೇ ಮುಚ್ಚುವರು. ಹರಿಯುವ ನೀರನ್ನು ಥಟ್ಟನೆ ತಡೆದರೆ ಅದರ ವೇಗವೆಲ್ಲ ಒತ್ತಡವಾಗಿ ಹಿಂದಿರುಗಿ ಪೈಪನ್ನು ಸೀಳಬಹುದು. ಇದೇ ಬ್ರ್ಯಾಂಚು ನಿಮಿಷಕ್ಕೆ ಸುಮಾರು 700 ಲೀಟರು ಕುಡಿಯುವುದರಿಂದ, ತುಂಬಿದ ತೊಟ್ಟಿ ಆರೂವರೆ ನಿಮಿಷಗಳಲ್ಲಿ ಬರಿದಾಗುತ್ತದೆ. ಗಾಡಿ ಖಾಲಿ ಬಂದಿತೆಂದು ಸಿಬ್ಬಂದಿಯನ್ನು ಜನ ನಿಂದಿಸುವುದನ್ನು ಕೇಳಿದಾಗ ನನಗೆ ಬಹಳ ವ್ಯಥೆಯಾಗುತ್ತದೆ.

ರಭಸದ ನೀರೇ ಬೇಗ ನಂದಿಸುವುದೆಂಬ ಮಾತೂ ಎಲ್ಲೆಡೆಗೆ ಹೊಂದದು. ಕಣಿಕೆಯ ಬಣವೆಗಾಗಲಿ ಹತ್ತಿಯ ರಾಶಿಗಾಗಲಿ ನೇರಧಾರೆ ಬಡಿದರೆ ಉರಿಯುವ ಎಳೆಗಳು ಚದುರಿ ನೆರೆಯ ಕಣಕ್ಕೆ ಹಾರುತ್ತವೆ. ಅಲ್ಲಿ ಬೇಕಾದದ್ದು ತುಂತುರು, ಮತ್ತು ಬಣವೆಯನ್ನು ಪದರಪದರವಾಗಿ ಬಿಡಿಸುವ ತಾಳ್ಮೆ. ಮೇಲಷ್ಟೇ ತೊಯ್ದ ಬಣವೆ ಒಳಗೊಳಗೇ ಕನಲುತ್ತಿದ್ದು, ಗಾಡಿ ಹಿಂದಿರುಗಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ.

ಕಬ್ಬಿನ ಹೊಲದಲ್ಲಿ ವಿದ್ಯುತ್ತಿನ ತಂತಿ ಹರಿದುಬಿದ್ದು ಬೆಂಕಿ ಹತ್ತಿದ್ದರೆ, ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನವರು ಪ್ರವಾಹ ನಿಲ್ಲಿಸಿದರೆಂದು ಖಚಿತವಾಗುವವರೆಗೆ ಅದರತ್ತ ನೀರು ಹಾಯಿಸಕೂಡದು. ಪ್ರವಾಹ ನಿಂತೊಡನೆ ಅದೇ ಮಾರ್ಗದ ಬೋರಿನ ಪಂಪುಗಳೂ ನಿಲ್ಲುವುದರಿಂದ, ಬೋರಿದೆಯೆಂದು ಧೈರ್ಯವಾಗಿರುವವರಿಗೆ ಆ ಗಳಿಗೆಯಲ್ಲಿ ಒದಗುವುದು ಮೊದಲೇ ತುಂಬಿಟ್ಟ ತೊಟ್ಟಿಯ ನೀರು ಮಾತ್ರ. 101 ಅಥವಾ 112ಕ್ಕೆ ಕರೆಮಾಡುವವರು ಊರಿನ ಹೆಸರಿನೊಂದಿಗೆ, ತುಂಬಿದ ಗಾಡಿ ಹೋಗಬಲ್ಲ ದಾರಿ ಯಾವುದು, 23 ಅಡಿಯೊಳಗೆ ನೀರು ಸಿಗುವ ತಾಣ ಎಲ್ಲಿದೆ ಎಂಬುದನ್ನೂ ಹೇಳಿ, ಕೂಡುದಾರಿಯಲ್ಲಿ ಒಬ್ಬರನ್ನು ನಿಲ್ಲಿಸಬೇಕು.