ಮಂಗಳೂರಿನ ಹಳೆ ಬಂದರು ಮತ್ತು ಮಂಜಿಗಳು

ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಬದಿಗೆ ಮಂಗಳೂರಿನ ಹಳೆ ಬಂದರಿದೆ. ಇಲ್ಲಿನ ದಕ್ಕೆಯಲ್ಲಿ ಒಂದು ಕಡೆ ಮೀನುಗಾರಿಕೆ ದೋಣಿಗಳು, ಇನ್ನೊಂದು ಕಡೆ ‘ಮಂಜಿ’ ಎಂಬ ಮರದ ಸರಕು ನೌಕೆಗಳು ನಿಲ್ಲುತ್ತವೆ. ಹಿಂದೆ ಹಾಯಿ ಬಿಚ್ಚಿ ಓಡುತ್ತಿದ್ದ ಮಂಜಿಗೆ ಈಗ ಡೀಸೆಲ್ ಎಂಜಿನ್ ಇದೆ.

ಹದಿನಾಲ್ಕನೆಯ ಶತಮಾನದಲ್ಲೇ ಇಬ್ನ್ ಬತೂತಾ ಇಲ್ಲಿ ಪರ್ಷಿಯಾ, ಯೆಮೆನ್‌ಗಳ ವರ್ತಕರನ್ನು ಕಂಡಿದ್ದ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕಡಲು ದಾಟಿತು. ಶ್ರೀರಂಗಪಟ್ಟಣ ಪತನವಾದ 1799ರಿಂದ 1956ರವರೆಗೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ದ್ವೀಪದವರು ತಂದ ತೆಂಗಿನ ನಾರಿಗೆ ಸರಕಾರ ಅಕ್ಕಿ ಕೊಡುತ್ತಿತ್ತು.

ಮಂಜಿಗಳ ನಂಟು ಇಂದಿಗೂ ಆ ದ್ವೀಪಗಳೊಂದಿಗೇ. ಹವಳದ ಮರಳು ನೆಲದಲ್ಲಿ ತೆಂಗು ಬಿಟ್ಟರೆ ಹೆಚ್ಚೇನೂ ಬೆಳೆಯದು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲವೂ ಹೊರಗಿನಿಂದ ಬರಬೇಕು. ಮಂಜಿಗಳು ಮರಳುವಾಗ ಕೊಬ್ಬರಿ ತರುತ್ತವೆ.

ಸರಕು ತುಂಬುವುದು ಹಮಾಲರ ಕೆಲಸ. ದಕ್ಕೆಯ ಅಂಚಿನಿಂದ ಮಂಜಿಯ ಅಟ್ಟಕ್ಕೆ ಒಂದು ಹಲಗೆ. ಉಬ್ಬರ ಬಂದಾಗ ಮಂಜಿ ಮೇಲೇಳುತ್ತದೆ, ಹಲಗೆ ಏರಾಗುತ್ತದೆ. ಇಳಿತದಲ್ಲಿ ಅದೇ ಹಲಗೆ ಜಾರುಬಂಡಿ. ತಲೆಗೆ ಬಟ್ಟೆಯ ಸಿಂಬಿ ಸುತ್ತಿ, ಚೀಲ ಹೊತ್ತ ಹಮಾಲ ಬಾಗುವ ಹಲಗೆಯ ಲಯಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಾನೆ. ಹೆಜ್ಜೆ ತಪ್ಪಿದರೆ ಚೀಲವೂ ತಾನೂ ನೀರಿಗೆ. ಭಾರದ ಸರಕು ತಳಕ್ಕೆ, ಗಾಳಿ ಬೇಕಾದ ತರಕಾರಿ ಮೇಲಕ್ಕೆ. ತೂಕ ಒಂದು ಮಗ್ಗುಲಿಗೆ ವಾಲಿದರೆ ಮಂಜಿ ನಡೆಸುವ ತಂಡೇಲ ಹೊರಡಲು ಒಪ್ಪುವುದಿಲ್ಲ.

ತುಂಬಿದ ಮಂಜಿ ಉಬ್ಬರಕ್ಕೆ ಕಾಯಬೇಕು, ಏಕೆಂದರೆ ಹೂಳು ತುಂಬಿದ ಅಳಿವೆ ಬಾಗಿಲಲ್ಲಿ ಆಳ ಕಡಿಮೆ. ಮಳೆಗಾಲದಲ್ಲಿ ಸಂಚಾರವೇ ಇಲ್ಲ. ಹಾಗಾಗಿ ದ್ವೀಪಗಳ ಮಳೆಗಾಲದ ದಾಸ್ತಾನು ಮೇ ತಿಂಗಳೊಳಗೆ ಸಾಗಬೇಕು. ದಕ್ಕೆಯಲ್ಲಿ ಆಗ ಕೈಗೆ ಬಿಡುವಿಲ್ಲ.

1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳ ವ್ಯಾಪಾರ ಅತ್ತ ಹೋಯಿತು. ಹಳೆ ಬಂದರಿಗೆ ಉಳಿದದ್ದು ಮೀನು ಮತ್ತು ಮಂಜಿ. ಸಣ್ಣ ದ್ವೀಪಕ್ಕೆ ಸಣ್ಣ ನೌಕೆಯೇ ಅನುಕೂಲ. ಆ ಮಟ್ಟಿಗೆ ಮಂಜಿಯ ಅಗತ್ಯ ತೀರಿಲ್ಲ. ಆದರೆ ಅಳಿವೆಯ ಹೂಳು ಆಗಾಗ ತೆಗೆಯದಿದ್ದರೆ ಅದೂ ಉಳಿಯದು. ಆಗ ಮಂಜಿಯ ಮಾಲೀಕ ಬೇರೆ ಬಂದರು ಹುಡುಕಿಕೊಂಡಾನು. ಹೊತ್ತ ಹೊರೆಗೆ ಕೂಲಿ ಎಣಿಸುವ ಹಮಾಲನಿಗೆ ಆ ದಾರಿಯೂ ಇಲ್ಲ.