ಡ್ರೈವಿಂಗ್ ತರಬೇತಿಯನ್ನು ವಿಮಾ ಕಂಪನಿಗೆ ತಿಳಿಸಬೇಕೆ?

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಿಗೂ ಕಾರನ್ನು ತಾವೇ ನಡೆಸಿಕೊಂಡು ಹೋಗಬೇಕೆಂದು ಡ್ರೈವಿಂಗ್ ಸ್ಕೂಲಿಗೆ ಸೇರಿದವರು, ಆ ಶಿಕ್ಷಣದ ಸಂಗತಿಯನ್ನು ವಿಮಾ ಕಂಪನಿಗೆ ಅರಿಕೆ ಮಾಡಲೇಬೇಕೆ?

ನಮ್ಮ ದೇಶದಲ್ಲಿ ಕಾರಿನ ಥರ್ಡ್ ಪಾರ್ಟಿ ವಿಮೆಯ ಕಂತು ಎಂಜಿನ್ನಿನ ಸಾಮರ್ಥ್ಯವನ್ನು ಅನುಸರಿಸಿ ನಿಗದಿಯಾಗುವುದೇ ಹೊರತು ಚಾಲಕನು ಪಡೆದ ತರಬೇತಿಯನ್ನಲ್ಲ. ಆದುದರಿಂದ ಅರ್ಜಿಯಲ್ಲಿ ಕೇಳದಿದ್ದರೆ ಅದನ್ನು ತಿಳಿಸುವ ಅಗತ್ಯ ಸಾಮಾನ್ಯವಾಗಿ ಒದಗದು. ಕೇಳಿದರೆ ಸತ್ಯವನ್ನೇ ಬರೆಯತಕ್ಕದ್ದು.

ಎಲ್‌ಎಲ್‌ಆರ್ ಪಡೆದವರು ಸ್ವಂತ ಕಾರಿನಲ್ಲಿ ಅಭ್ಯಾಸ ಮಾಡುವಾಗ, 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 3ನೆಯ ನಿಯಮದಂತೆ, ಲೈಸೆನ್ಸುಳ್ಳ ಶಿಕ್ಷಕರು ಪಕ್ಕದಲ್ಲಿದ್ದು, ಮುಂದೆಯೂ ಹಿಂದೆಯೂ ಕೆಂಪಕ್ಷರದ ‘ಎಲ್’ ಫಲಕವಿರತಕ್ಕದ್ದು. ಕಾರಿನ ಪಾಲಿಸಿಯ ರಕ್ಷಣೆಯೂ ಈ ನಿಯಮಪಾಲನೆಯನ್ನೇ ಅವಲಂಬಿಸಿದೆ. ಅದೇ ಕಾರಿನಲ್ಲಿ ಹಣ ಪಡೆದು ಇತರರಿಗೆ ಕಲಿಸುವುದಾದರೆ ಮಾತ್ರ ಕಂಪನಿಗೆ ಮುಂಚಿತವಾಗಿಯೇ ತಿಳಿಸಿರಿ.